ಕೈಯೊಳಗಿನ ಯಂತ್ರವೂ ಕೊಳ್ಳುವವನ ವಿವೇಕವೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಪೇಟೆಯಲ್ಲಿ ಸಂಜೆಯ ಹೊತ್ತಿಗೆ ಒಂದು ಸುತ್ತು ಹಾಕಿ ಬಂದವರಿಗೆ ಒಂದು ಸಂಗತಿಯು ತಾನಾಗಿಯೇ ಗೋಚರವಾಗುವದು. ಅರಿವೆಯಂಗಡಿಗಳಲ್ಲಿ ಮದುವೆಯ ಹಂಗಾಮಿಗೊಮ್ಮೆ ನೂಕುನುಗ್ಗಲು; ಬೀಜ-ಗೊಬ್ಬರದ ಅಂಗಡಿಗಳಲ್ಲಿ ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ನೂಕುನುಗ್ಗಲು; ಆದರೆ ಮೊಬೈಲಿನ ಅಂಗಡಿಗಳ ಮುಂದೆ ಹನ್ನೆರಡು ತಿಂಗಳೂ ಜನರು ನೆರೆದಿರುತ್ತಾರೆ. ಹೊಸ ಫೋನು ಕೊಳ್ಳುವವರು, ಒಡೆದ ಗಾಜು ಹಾಕಿಸುವವರು, "ಯಾಕೋ ಭಾಳ ನಿಧಾನ ಆಗೇತಿ, ಸ್ವಲ್ಪ ನೋಡ್ರಿ" ಎಂದು ಕೈಯೊಡ್ಡುವವರು, ಎಲ್ಲರೂ ಅಲ್ಲಿಯೇ. ಸಂಪಾದಕೀಯದ ಪುಟದಲ್ಲಿ ಇಂಥ ಅಂಗಡಿಯ ಮಾತೇತಕ್ಕೆ ಎಂದು ಕೆಲವರು ವಾಚಕರು ಹುಬ್ಬು ಗಂಟಿಕ್ಕಬಹುದು. ಅವರು ಈ ಲೇಖನವನ್ನು ಕೊನೆಯವರೆಗೆ ಓದಬೇಕೆಂದು ನಾವು ವಿನಂತಿಸುತ್ತೇವೆ.

ಸ್ಮಾರ್ಟ್ ಫೋನು ಎಂಬದು ಸಿರಿವಂತರ ಮಕ್ಕಳ ಆಟಿಗೆಯಾಗಿದ್ದ ಕಾಲವು ಸಂದುಹೋಯಿತು. ರೈತನು ತನ್ನ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ಸರಕಾರದ ಬೆಳೆ ಸಮೀಕ್ಷೆಯ ಆ್ಯಪಿಗೆ ತಾನೇ ಏರಿಸುವ ಪದ್ಧತಿಯು ೨೦೨೦ರಿಂದ ಬಂದಿದೆ. ಪಿಎಂ-ಕಿಸಾನ್ ಹಣಕ್ಕೆ ಬೇಕಾದ ಇ-ಕೆವೈಸಿಯನ್ನು ಫೋನಿಗೆ ಮುಖ ತೋರಿಸಿ ಮುಗಿಸುವ ಅನುಕೂಲವು ೨೦೨೩ರಲ್ಲಿ ಆಯಿತು. ಉದ್ಯೋಗ ಖಾತರಿಯ ಕೂಲಿಕಾರರ ಹಾಜರಿಯನ್ನು ಫೋನಿನಲ್ಲಿ ಚಿತ್ರ ತೆಗೆದೇ ಕಳಿಸಬೇಕೆಂಬ ಕಟ್ಟಳೆಯು ಅದೇ ವರ್ಷದ ಜನವರಿಯಿಂದ ಕಡ್ಡಾಯವಾಯಿತು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಜಮೆಯಾಯಿತೋ ಇಲ್ಲವೋ ಎಂಬದನ್ನು ಮನೆಯೊಡತಿಗೆ ತಿಳಿಸುವದು ಫೋನೇ. ಕಾಯಿಪಲ್ಲೆಯ ಬುಟ್ಟಿಯ ಮುಂದೆ ಕುಳಿತ ಅಜ್ಜಿಗೆ ಹತ್ತು ರೂಪಾಯಿ ಬಂದುದನ್ನು ಸಾರುವದೂ ಫೋನೇ. ಹೀಗೆ ಸರಕಾರದ ಬಾಗಿಲು, ಬ್ಯಾಂಕಿನ ಬಾಗಿಲು, ಶಾಲೆಯ ಬಾಗಿಲು, ಮೂರಕ್ಕೂ ಒಂದೇ ಕೀಲಿಕೈಯಾಗಿರುವ ವಸ್ತುವನ್ನು ನಮ್ಮ ಜನರು ಏನನ್ನು ನೋಡಿ ಆರಿಸುತ್ತಾರೆ, ಯಾವುದನ್ನು ಮೆಚ್ಚುತ್ತಾರೆ, ಯಾವುದಕ್ಕೆ ಬೇಸರಪಡುತ್ತಾರೆ ಎಂಬ ವಿಚಾರವು ಸಾರ್ವಜನಿಕ ಮಹತ್ವದ್ದೆಂದು ನಾವು ಭಾವಿಸುತ್ತೇವೆ.

ಈ ನಾಲ್ಕೂ ಊರುಗಳಲ್ಲಿ ನಮ್ಮ ಬಾತ್ಮೀದಾರರು ಅಂಗಡಿಗಳ ಮುಂದೆ ನಿಂತು ಗಿರಾಕಿಗಳ ಮಾತುಗಳನ್ನು ಕೇಳಿಕೊಂಡು ಬಂದಿದ್ದಾರೆ. ಅವುಗಳಲ್ಲಿ ಮೊದಲು ಎದ್ದು ಕಾಣುವದು ನಮ್ಮ ಜನರ ವ್ಯವಹಾರಜ್ಞಾನ. ಪೇಟೆಯವರು ಹಳ್ಳಿಯವನನ್ನು ಹೊಳಪಿಗೆ ಮರುಳಾಗುವವನೆಂದು ಬಗೆಯುವದುಂಟು, ಇದು ತಪ್ಪು. ಹಳ್ಳಿಯ ಗಿರಾಕಿಯು ಮೊಟ್ಟಮೊದಲು ಕೇಳುವದು ಬ್ಯಾಟರಿಯನ್ನು. ಏಕೆಂದರೆ ಮಳೆಗಾಳಿಗೆ ಕರೆಂಟು ಹೋದರೆ ಮರಳಿ ಬರುವ ಹೊತ್ತನ್ನು ಯಾರೂ ಹೇಳಲಾರರು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಸವದತ್ತಿ, ರಾಮದುರ್ಗ ತಾಲೂಕುಗಳ ನದೀತೀರದ ಹಳ್ಳಿಗಳು ನೀರಿನಲ್ಲಿ ನಿಂತಾಗ, ಜೀವಂತವಿರುವ ಒಂದು ಫೋನಿನ ಬೆಲೆ ಎಷ್ಟೆಂಬದನ್ನು ಆ ಊರವರು ತಿಳಿದಿದ್ದಾರೆ. ಎರಡನೆಯದಾಗಿ ಅವನು ಕೇಳುವದು ಧ್ವನಿಯನ್ನು. ಟ್ರ್ಯಾಕ್ಟರಿನ ಸದ್ದಿನಲ್ಲಿಯೂ ಕರೆಯ ಮಾತು ಕೇಳಿಸಬೇಕು. ಬಳಿಕ ಬಿಸಿಲಿನಲ್ಲಿ ಪರದೆಯು ಕಾಣುವದೋ ಇಲ್ಲವೋ. ಎರಡು ಸಿಮ್ಮುಗಳಿಗೆ ಸ್ಥಳವಿದೆಯೋ ಇಲ್ಲವೋ, ಏಕೆಂದರೆ ಹೊಲದಲ್ಲಿ ಒಂದು ಕಂಪನಿಯ ನೆಟ್‌ವರ್ಕು ಸಿಕ್ಕರೆ ಮನೆಯಲ್ಲಿ ಮತ್ತೊಂದರದು ಸಿಗುವದು.

ಕ್ಯಾಮರಾದ ಮೇಲಿನ ಮೋಹವನ್ನು ನಮ್ಮ ಹಿರಿಯರು ಬಹಳ ಜರಿಯುತ್ತಾರೆ. ಆದರೆ ಅದರಲ್ಲಿ ಬರಿಯ ಶೋಕಿಯೇ ಇಲ್ಲ. ಸೋಯಾಬೀನಿಗೆ ಬಿದ್ದ ರೋಗವನ್ನು ಕೃಷಿ ಅಧಿಕಾರಿಗೆ ತೋರಿಸುವದು, ಕುಸಿದ ಗೋಡೆಯನ್ನು ತಹಶೀಲದಾರ ಕಚೇರಿಗೆ ತೋರಿಸುವದು, ಪರದೇಶದಲ್ಲಿರುವ ಮಗನಿಗೆ ಮೊಮ್ಮಗಳ ಮುಖ ತೋರಿಸುವದು, ಎಲ್ಲವೂ ಅದರಿಂದಲೇ. ೨೦೨೫ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ದರಕ್ಕಾಗಿ ಧರಣಿ ಕುಳಿತಾಗ, ಅಲ್ಲಿಯ ಜನಸಾಗರದ ದೃಶ್ಯವು ಊರೂರಿಗೆ ಮುಟ್ಟಿದ್ದು ಪತ್ರಿಕೆಗಳಿಗಿಂತ ಮೊದಲು ರೈತರ ಫೋನುಗಳಿಂದಲೇ ಎಂಬದನ್ನು ಪತ್ರಿಕೆಯವರಾದ ನಾವೇ ಒಪ್ಪಬೇಕಾಗಿದೆ.

ಬೇಸರದ ಪಟ್ಟಿಯೂ ಅಷ್ಟೇ ವಿಚಾರಾರ್ಹವಾಗಿದೆ. ಚೈತ್ರ ವೈಶಾಖದ ಬಿಸಿಲಿನಲ್ಲಿ ಫೋನು ಕೆಂಡದಂತೆ ಕಾಯುವದು. ಎರಡು ವರ್ಷ ತುಂಬುವಷ್ಟರಲ್ಲಿ ಕುಂಟತೊಡಗುವದು. ಕೈಜಾರಿದರೆ ಗಾಜು ಒಡೆದು, ಅದನ್ನು ಹಾಕಿಸುವ ಖರ್ಚು ಹೊಸ ಫೋನಿನ ಅರ್ಧ ಕಿಮ್ಮತ್ತಿಗೆ ಸಮೀಪಿಸುವದು. ಡಬ್ಬಿಯಲ್ಲಿ ಚಾರ್ಜರನ್ನೇ ಇಡದೆ ಕೆಲವು ಕಂಪನಿಗಳು ಅದಕ್ಕೆ ಬೇರೆ ರೊಕ್ಕ ಕೇಳುವದು. ತಾವು ಹಾಕಿಕೊಳ್ಳದ ಆ್ಯಪುಗಳು ಮೊದಲೇ ಬಂದು ಕುಳಿತಿರುವದು. ಹೊತ್ತಿಲ್ಲದ ಹೊತ್ತಿನಲ್ಲಿ ಸಾಲದ, ಜೂಜಿನ ಜಾಹೀರಾತುಗಳು ಪರದೆಯ ಮೇಲೆ ಹಾಯುವದು. ಈ ಎಲ್ಲ ದೂರುಗಳನ್ನು ಜನರು ಅಂಗಡಿಕಾರನ ಮುಂದೆ ಹೇಳಿ, ಅವನು ನಕ್ಕು, ಇವರೂ ನಕ್ಕು, ಮತ್ತೆ ಹೊಸದೊಂದನ್ನು ಕೊಂಡು ಮನೆಗೆ ಹೋಗುತ್ತಾರೆ. ನಮ್ಮ ಆಕ್ಷೇಪವಿರುವದು ಇಲ್ಲಿ. ಮೆಚ್ಚಿಗೆಯನ್ನು ನಾವು ರೊಕ್ಕ ಕೊಟ್ಟು ತೋರಿಸುತ್ತೇವೆ. ಬೇಸರವನ್ನು ಮಾತ್ರ ಗೊಣಗಿ ಕಳೆದುಬಿಡುತ್ತೇವೆ. ಕೊಳ್ಳುವವನ ಬೇಸರಕ್ಕೂ ಒಂದು ಶಕ್ತಿಯಿದೆ, ಅದನ್ನು ಕೂಡಿಸಿ ಕೇಳಿಕೆಯನ್ನಾಗಿ ಮಾಡಿದರೆ ತಯಾರಿಸುವವನು ಕಿವಿಗೊಡಲೇಬೇಕಾಗುವದು ಎಂಬದನ್ನು ನಾವು ಮರೆತಿದ್ದೇವೆ.

ಇದು ಬರಿಯ ಉಪದೇಶದ ಮಾತಲ್ಲವೆಂಬದಕ್ಕೆ ಈ ವ್ಯಾಪಾರದ ಇತಿಹಾಸವೇ ಸಾಕ್ಷಿ. ಭಾರತದಲ್ಲಿ ಮೊಬೈಲಿನ ಮೊದಲ ಕರೆಯು ೧೯೯೫ರ ಜುಲೈ ೩೧ರಂದು ಕಲಕತ್ತೆಯಿಂದ ದಿಲ್ಲಿಗೆ ಹೋಯಿತು. ಆಗ ಅದು ಮಂತ್ರಿಗಳ, ಸಾಹುಕಾರರ ವಸ್ತು. ೨೦೦೩ರಲ್ಲಿ ನೋಕಿಯಾ ಕಂಪನಿಯು ೧೧೦೦ ಎಂಬ ಫೋನನ್ನು ಹೊರತಂದಿತು. ಅದರಲ್ಲಿ ಧೂಳು ಹೊಗದ ಕೀಲಿಮಣೆ, ಕತ್ತಲಲ್ಲಿ ಬೆಳಕು ಕೊಡುವ ಬ್ಯಾಟರಿದೀಪ ಇದ್ದವು. ಹಳ್ಳಿಯ ಜನರು ಅದನ್ನು ಅಪ್ಪಿಕೊಂಡರು. ೨೦೦೮ರಲ್ಲಿ ನಮ್ಮ ದೇಶದ ಮೈಕ್ರೋಮ್ಯಾಕ್ಸ್ ಕಂಪನಿಯು, ಒಮ್ಮೆ ಚಾರ್ಜು ಮಾಡಿದರೆ ಮೂವತ್ತು ದಿನ ಉಳಿಯುವದೆಂಬ ವಚನದೊಡನೆ ಒಂದು ಫೋನನ್ನು ವಿದ್ಯುತ್ತಿನ ಕೊರತೆಯ ಹಳ್ಳಿಗಳಿಗೆ ತಂದಿತು. ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾ, ಇಂಟೆಕ್ಸ್ ಎಂಬ ಸ್ವದೇಶೀ ಹೆಸರುಗಳು ೨೦೧೪-೧೫ರ ಸುಮಾರಿಗೆ ನಮ್ಮ ಪೇಟೆಗಳಲ್ಲಿ ಎಲ್ಲೆಲ್ಲಿಯೂ ಕಾಣುತ್ತಿದ್ದವು. ಹಳ್ಳಿಯವನ ಬೇಕುಬೇಡಗಳನ್ನು ಕೇಳಿದವನೇ ಆ ವರ್ಷಗಳಲ್ಲಿ ಗೆದ್ದನು.

ಹಾಗಾದರೆ ಆ ಸ್ವದೇಶೀ ಹೆಸರುಗಳು ಏತಕ್ಕೆ ಮಾಯವಾದವು? ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿಯು ತನ್ನ ನಾಲ್ಕನೆಯ ತಲೆಮಾರಿನ ಜಾಲವನ್ನು ಬಿಟ್ಟಿಯಾಗಿಯೇ ಬಿಚ್ಚಿತು. ಹಳೆಯ ಜಾಲದ ಫೋನುಗಳನ್ನು ಕಟ್ಟಿಟ್ಟುಕೊಂಡ ನಮ್ಮ ಕಂಪನಿಗಳ ಕೈಯಲ್ಲಿ ಹೊಸ ಜಾಲಕ್ಕೆ ತಕ್ಕ ಸರಕು ಸಾಲದಾಯಿತು. ಚೀನದ ಶಾವೋಮಿ, ಒಪ್ಪೋ, ವಿವೋ ಕಂಪನಿಗಳು ಅದೇ ಬೆಲೆಗೆ ಮೇಲಾದ ಸರಕನ್ನು ಮುಂದಿಟ್ಟವು. ನಮ್ಮವರಲ್ಲಿ ಬಹುತೇಕರು ಪರದೇಶದಲ್ಲಿ ಸಿದ್ಧವಾದ ಫೋನಿಗೆ ತಮ್ಮ ಹೆಸರಿನ ಮುದ್ರೆಯೊತ್ತಿ ಮಾರಿದವರೇ ಆದುದರಿಂದ, ಬಿರುಗಾಳಿ ಬೀಸಿದಾಗ ಅವರಿಗೆ ತಮ್ಮದೆಂಬ ಬೇರು ಇರಲಿಲ್ಲ.

ಈ ಸಂಗತಿಯನ್ನು ಸ್ವದೇಶಿಯ ಅಭಿಮಾನಿಗಳು ಮನಸ್ಸಿಟ್ಟು ನೋಡಬೇಕು. ೨೦೨೦ರ ಜೂನಿನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ ಯೋಧರು ಬಲಿಯಾದಾಗ, ದೇಶದಲ್ಲಿ ನ್ಯಾಯವಾದ ಕೋಪವೆದ್ದಿತು. ಆ ತಿಂಗಳ ೨೯ರಂದು ಕೇಂದ್ರ ಸರಕಾರವು ೫೯ ಚೀನೀ ಆ್ಯಪುಗಳನ್ನು ನಿಷೇಧಿಸಿತು. ಚೌಕಗಳಲ್ಲಿ ಹಳೆಯ ಫೋನುಗಳನ್ನು ಒಡೆದು ಚಿತ್ರ ತೆಗೆಸಿಕೊಂಡವರೂ ಇದ್ದರು. ಆದರೆ ಆ ವರ್ಷ ದೇಶದಲ್ಲಿ ಮಾರಾಟವಾದ ಸ್ಮಾರ್ಟ್ ಫೋನುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಚೀನೀ ಹೆಸರಿನವೇ ಆಗಿದ್ದವು. ಸಿಟ್ಟು ಚೌಕದಲ್ಲಿ ಉಳಿಯಿತು. ರೊಕ್ಕ ಹಳೆಯ ದಾರಿಯಲ್ಲಿಯೇ ಹರಿಯಿತು. ಇದಕ್ಕಾಗಿ ನಾವು ಬಡ ಗಿರಾಕಿಯನ್ನು ದೂರಲಾರೆವು. ಹನ್ನೆರಡು ಸಾವಿರ ರೂಪಾಯಿಗೆ ಅವನಿಗೆ ಬೇಕಾದುದನ್ನು ಬೇರೆ ಯಾರು ಕೊಡುತ್ತಿದ್ದರು?

೧೯೨೪ರಲ್ಲಿ ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿ ನಡೆಯಿಸಿದ ಕಾಂಗ್ರೆಸ್ಸಿನ ಮಹಾಧಿವೇಶನವನ್ನು ಕಂಡ ಜಿಲ್ಲೆ ನಮ್ಮದು. ೧೯೩೭ರಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಲನಕ್ಕಾಗಿ ಅವರು ಹುದಲಿಗೆ ಬಂದರು. ಆ ಕಾಲದ ಸ್ವದೇಶಿಯು ಪರದೇಶೀ ಅರಿವೆಯನ್ನು ಸುಡುವದರಲ್ಲಿ ಮುಗಿಯಲಿಲ್ಲ. ಚರಕವನ್ನು ಮನೆಗೆ ತಂದಿತು, ಮಗ್ಗವನ್ನು ಉಳಿಸಿತು. ಈ ಮಾತನ್ನು ರಾಮದುರ್ಗದ, ಸುರೇಬಾನದ ನೇಕಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುಡುವದು ಒಂದು ದಿನದ ಕೆಲಸ, ನೇಯುವದು ದಿನದಿನದ ಕೆಲಸ. ಫೋನಿನ ವಿಷಯದಲ್ಲಿ ನಾವು ಸುಡುವ ಸ್ವದೇಶಿಯನ್ನು ಒಮ್ಮೆ ಮಾಡಿ ನೋಡಿದೆವು. ನೇಯುವ ಸ್ವದೇಶಿಯನ್ನು ಇನ್ನೂ ಆರಂಭಿಸಬೇಕಾಗಿದೆ.

ನೇಯುವ ಕೆಲಸವು ಕೆಲಮಟ್ಟಿಗೆ ಆರಂಭವಾಗಿರುವದೂ ನಿಜ. ಇಂದು ಭಾರತದಲ್ಲಿ ಮಾರಾಟವಾಗುವ ಫೋನುಗಳಲ್ಲಿ ಬಹುತೇಕವು ಭಾರತದಲ್ಲಿಯೇ ಜೋಡಣೆಯಾಗುತ್ತವೆ. ನಮ್ಮ ರಾಜ್ಯದ ಕೋಲಾರದ ನರಸಾಪುರದಲ್ಲಿಯೂ, ದೇವನಹಳ್ಳಿಯ ಬಳಿಯಲ್ಲಿಯೂ ಐಫೋನುಗಳು ತಯಾರಾಗುತ್ತಿವೆ. ೨೦೨೫ರ ಸೆಪ್ಟೆಂಬರಿನಲ್ಲಿ ಬಿಎಸ್‌ಎನ್‌ಎಲ್ ಸಂಸ್ಥೆಯು ಸ್ವದೇಶದಲ್ಲಿಯೇ ರೂಪಿಸಿದ ೪ಜಿ ಜಾಲವನ್ನು ಲೋಕಾರ್ಪಣ ಮಾಡಿತು. ಅದರಲ್ಲಿ ಬೆಂಗಳೂರಿನ ತೇಜಸ್ ಕಂಪನಿಯ ಪಾಲೂ ಇದೆ. ಇವುಗಳಿಗಾಗಿ ಸಂತೋಷಪಡೋಣ. ಆದರೆ ಫೋನಿನ ಮಿದುಳಾದ ಚಿಪ್ಪು, ಅದನ್ನು ನಡೆಯಿಸುವ ತಂತ್ರಾಂಶ, ಅದರ ವಿನ್ಯಾಸ ಇವೆಲ್ಲ ಇನ್ನೂ ಹೊರಗಿನವೇ. ದೇಶವು ಅವುಗಳನ್ನು ಗಳಿಸಿಕೊಳ್ಳಲು ವರ್ಷಗಳು ಬೇಕು. ಅಲ್ಲಿಯ ವರೆಗೆ ಬೈಲಹೊಂಗಲದ ಗಿರಾಕಿಯ ಕೈಯಲ್ಲಿ ಏನೂ ಇಲ್ಲವೇ? ಇದೆ. ಅವನು ಇಂದು ಕೇಳುತ್ತಿರುವ ಪ್ರಶ್ನೆಗಳ ಜೊತೆಗೆ ಇನ್ನು ಮೂರು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದು: ಈ ಫೋನಿನ ಆಯುಷ್ಯವೆಷ್ಟು? ಎತ್ತು ಕೊಳ್ಳುವಾಗ ಹಲ್ಲು ನೋಡುವ ನಮ್ಮ ಒಕ್ಕಲಿಗನು ಫೋನು ಕೊಳ್ಳುವಾಗ ಅದರ ಬಣ್ಣ ನೋಡಿ ಸುಮ್ಮನಾಗುವದು ಸೋಜಿಗವೇ ಸರಿ. ಫೋನು ಕಟ್ಟುನಿಟ್ಟಾಗಿದ್ದರೂ, ಕಂಪನಿಯು ಸುರಕ್ಷೆಯ ಅಪ್‌ಡೇಟುಗಳನ್ನು ನಿಲ್ಲಿಸಿದ ದಿನದಿಂದ ಅದರ ಬಾಗಿಲು ಕಳ್ಳರಿಗೆ ಮೆಲ್ಲಮೆಲ್ಲನೆ ಸಡಿಲಾಗುವದು. ಕಾಲಾಂತರದಲ್ಲಿ ಬ್ಯಾಂಕಿನ ಆ್ಯಪುಗಳೂ ಹಳೆಯ ಫೋನಿನಲ್ಲಿ ನಡೆಯಲೊಲ್ಲೆವೆನ್ನುವವು. ಅಪ್‌ಡೇಟುಗಳನ್ನು ಬಹುಕಾಲ ಕೊಡುವದು ಅಸಾಧ್ಯವೇನಲ್ಲ. ೨೦೨೩ರಲ್ಲಿ ಗೂಗಲ್, ೨೦೨೪ರಲ್ಲಿ ಸ್ಯಾಮ್‌ಸಂಗ್ ತಮ್ಮ ದುಬಾರಿ ಫೋನುಗಳಿಗೆ ಏಳು ವರ್ಷಗಳ ಅಪ್‌ಡೇಟಿನ ವಚನವನ್ನಿತ್ತವು. ೨೦೨೪ರಲ್ಲಿಯೇ ಇಪ್ಪತ್ತು ಸಾವಿರದೊಳಗಿನ ಒಂದು ಸ್ಯಾಮ್‌ಸಂಗ್ ಫೋನಿಗೂ ಆರು ವರ್ಷಗಳ ವಚನ ಬಂದಿತು. ಐರೋಪ್ಯ ಒಕ್ಕೂಟವಂತೂ ೨೦೨೫ರ ಜೂನ್ ೨೦ರಿಂದ ಇದನ್ನು ಕಾಯಿದೆಯನ್ನಾಗಿಯೇ ಮಾಡಿದೆ: ಮಾರಾಟ ನಿಂತ ಬಳಿಕವೂ ಕನಿಷ್ಠ ಐದು ವರ್ಷ ಅಪ್‌ಡೇಟು, ಏಳು ವರ್ಷ ಬಿಡಿಭಾಗಗಳು, ಡಬ್ಬಿಯ ಮೇಲೆ ದುರಸ್ತಿಯ ಸುಲಭತೆಯ ಶ್ರೇಣಿ. ಅದೇ ಕಂಪನಿಗಳು ಅಲ್ಲಿ ಕೊಡಬಲ್ಲುದನ್ನು ಇಲ್ಲಿ ಏತಕ್ಕೆ ಕೊಡಲಾರವು?

ಲೆಕ್ಕ ಹಾಕಿ ನೋಡೋಣ. ಹನ್ನೆರಡು ಸಾವಿರದ ಫೋನು ಎರಡು ವರ್ಷಕ್ಕೆ ಮೂಲೆ ಸೇರಿದರೆ ವರ್ಷಕ್ಕೆ ಆರು ಸಾವಿರ ಬಿದ್ದಂತಾಯಿತು. ಹದಿನೆಂಟು ಸಾವಿರದ್ದು ಐದು ವರ್ಷ ಬಾಳಿದರೆ ವರ್ಷಕ್ಕೆ ಮೂರು ಸಾವಿರದ ಆರುನೂರು. ಯಾವುದು ಅಗ್ಗ? ಫೋನಿನ ಮೇಲಿನ ಜಿಎಸ್‌ಟಿಯು ೨೦೨೦ರ ಏಪ್ರಿಲಿನಿಂದ ನೂರಕ್ಕೆ ೧೮. ಹನ್ನೆರಡು ಸಾವಿರ ಕೊಟ್ಟು ಕೊಂಡಾಗಲೆಲ್ಲ ಅದರಲ್ಲಿ ಸಾವಿರದ ಎಂಟುನೂರಕ್ಕೂ ಮಿಕ್ಕಿ ಕರವೇ ಆಗಿರುವದು. ಕಡಿಮೆ ಬೆಲೆಯ ಫೋನನ್ನು ಪದೇ ಪದೇ ಕೊಳ್ಳುವ ಬಡವನು ಸಿರಿವಂತನಿಗಿಂತ ಹೆಚ್ಚು ಸಲ ಈ ಸುಂಕದ ಕಟ್ಟೆಯನ್ನು ಹಾಯಬೇಕಾಗಿದೆ.

"ಹದಿನೆಂಟು ಸಾವಿರ ಒಮ್ಮೆಲೇ ಎಲ್ಲಿಂದ ತರಲಿ?" ಎಂಬ ಮಾತು ನಮಗೆ ಕೇಳಿಸದೆ ಇಲ್ಲ. ಅದು ನಿಜವಾದ ಅಡಚಣಿ. ಅಂಥವನನ್ನು ಕಂತಿನ ಸಾಲವು ಕರೆಯುವದು. ಕಂತು ತಪ್ಪಿದರೆ ಕೆಲವರು ಸಾಲಗಾರನ ಫೋನಿಗೆ ದೂರದಿಂದಲೇ ಬೀಗ ಜಡಿಯುವರು. ಕಿರುಸಾಲದವರ ಕಾಟಕ್ಕೆ ಕಡಿವಾಣ ಹಾಕಲು ೨೦೨೫ರಲ್ಲಿ ರಾಜ್ಯ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಗಿ ಬಂದುದನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಆದುದರಿಂದ ಸಾಲ ಮಾಡಿ ದೊಡ್ಡ ಫೋನು ಕೊಳ್ಳಿರೆಂದು ನಾವು ಹೇಳಲಾರೆವು. ಇರುವ ಫೋನನ್ನು ಬಾಳಿಸಿರಿ ಎಂದು ಹೇಳುತ್ತೇವೆ. ಬ್ಯಾಟರಿ ಸೋತರೆ ಬ್ಯಾಟರಿ ಬದಲಿಸಿದರೆ ಸಾಕು, ಫೋನು ಬದಲಿಸಬೇಕಾಗಿಲ್ಲ. ಆದರೆ ಇಲ್ಲಿ ನಮ್ಮ ಊರುಗಳ ದುಃಖವೊಂದಿದೆ. ಅಧಿಕೃತ ದುರಸ್ತಿಗಾಗಿ ರಾಮದುರ್ಗದವನು ಸುಮಾರು ನೂರು ಕಿಲೋಮೀಟರು ದೂರದ ಬೆಳಗಾವಿಗೋ, ಇಲ್ಲವೆ ಹುಬ್ಬಳ್ಳಿಗೋ ಹೋಗಿ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕು. ಊರಿನ ಪೇಟೆಯಲ್ಲಿ ಸಣ್ಣ ಮೇಜು, ಬೆಸುಗೆಯ ಕಡ್ಡಿ, ಭೂತಗನ್ನಡಿಗಳನ್ನಿಟ್ಟುಕೊಂಡು ಕುಳಿತ ನಮ್ಮ ಹುಡುಗರಿಗೆ ಕೈಗುಣವಿದ್ದರೂ, ಅಸಲಿ ಬಿಡಿಭಾಗಗಳು ಅವರಿಗೆ ಸಿಗಲಾರವು. ಕೇಂದ್ರ ಸರಕಾರವು ೨೦೨೨ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಫೋನುಗಳಿಗೆ ದುರಸ್ತಿಯ ಶ್ರೇಣಿ ಕೊಡುವ ಬಗೆಗೆ ೨೦೨೫ರ ಮೇ ತಿಂಗಳಲ್ಲಿ ಸಮಿತಿಯ ವರದಿಯೂ ಬಂದಿತು. ವರದಿಯು ಕಡ್ಡಾಯದ ಕಾಯಿದೆಯಾಗಿ ಡಬ್ಬಿಯ ಮೇಲೆ ಇಳಿಯಬೇಕು.

ಎರಡನೆಯ ಪ್ರಶ್ನೆ: ಈ ಫೋನು ಕನ್ನಡದಲ್ಲಿ ಮಾತಾಡುವದೇ? ಇಲ್ಲಿ ನಾವು ಗಿರಾಕಿಗಿಂತ ಮೊದಲು ನಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳಬೇಕಾಗಿದೆ. ಈ ಲೇಖನವನ್ನು ಬರೆಯಲು ಕುಳಿತಾಗ ನಮ್ಮ ಕಚೇರಿಯವರ ಫೋನುಗಳನ್ನು ಮೇಜಿನ ಮೇಲೆ ಇಡಿಸಿ ನೋಡಿದೆವು. ಕನ್ನಡವನ್ನೇ ಬರೆದು ಉಣ್ಣುವ ನಮ್ಮೆಲ್ಲರ ಫೋನುಗಳೂ, ಸಂಪಾದಕರದೂ ಸಹ, ಇಂಗ್ಲಿಷಿನಲ್ಲಿದ್ದವು. ಒಬ್ಬ ಜವಾನನದು ಮಾತ್ರ ಕನ್ನಡದಲ್ಲಿದ್ದಿತು. "ನನಗ ಅದ ತಿಳೀತದ್ರಿ" ಎಂದು ಅವನು ಸಂಕೋಚದಿಂದ ನುಡಿದನು. ಸಂಕೋಚಪಡಬೇಕಾದವರು ಯಾರೆಂಬದನ್ನು ವಾಚಕರೇ ನಿರ್ಣಯಿಸಲಿ.

ಕನ್ನಡವನ್ನು ಫೋನಿನಲ್ಲಿ ಕಾಣಬೇಕಾದರೆ ಹೊಸದಾಗಿ ಹೋರಾಡಬೇಕಾಗಿಲ್ಲ. ಭಾರತದ ಪೇಟೆಗೆ ಬರುವ ಪ್ರತಿಯೊಂದು ಮೊಬೈಲೂ ದೇಶದ ೨೨ ಭಾಷೆಗಳ ಬರಹವನ್ನು ತೋರಿಸಬಲ್ಲುದಾಗಿರಬೇಕೆಂಬ ಆಜ್ಞೆಯು ೨೦೧೬ರಲ್ಲಿ ಹೊರಟು ೨೦೧೮ರಿಂದ ಜಾರಿಯಲ್ಲಿದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಕನ್ನಡ ಬರಹಕ್ಕೆ ಎಂದೋ ದಾರಿ ಮಾಡಿಕೊಟ್ಟಿತು. ೨೦೧೭ರಿಂದ ಕನ್ನಡದಲ್ಲಿ ಬಾಯಿಂದ ಹೇಳಿ ಬರೆಯಿಸುವ ಅನುಕೂಲವೂ ಗೂಗಲಿನ ಕೀಲಿಮಣೆಯಲ್ಲಿದೆ. ಕನ್ನಡವು ಫೋನಿನೊಳಗೆ ಮಲಗಿದೆ, ಎಬ್ಬಿಸುವವರು ಇಲ್ಲ. ಅಂಗಡಿಕಾರನು ಹೊಸ ಫೋನನ್ನು ತೆರೆದು ರೂಢಿಯಂತೆ ಇಂಗ್ಲಿಷನ್ನು ಒತ್ತಿ ಕೊಡುತ್ತಾನೆ. ಕೊಂಡವನು ಅದೇ ವಿಧಿಯೆಂದು ತಿಳಿಯುತ್ತಾನೆ. ಅಂಗಡಿಗಳ ಹೊರಗಿನ ಫಲಕದಲ್ಲಿ ನೂರಕ್ಕೆ ೬೦ ಪಾಲು ಕನ್ನಡವಿರಬೇಕೆಂದು ೨೦೨೪ರಲ್ಲಿ ನಾವು ಕಾಯಿದೆ ಮಾಡಿಸಿಕೊಂಡೆವು. ಆ ಫಲಕದ ಕೆಳಗೆ ಮಾರುವ ಯಂತ್ರದೊಳಗೆ ಕನ್ನಡವು ನೂರಕ್ಕೆ ಎಷ್ಟಿದೆಯೆಂದು ಯಾರೂ ಕೇಳಲಿಲ್ಲ.

"ಫೋನಿನ ಕನ್ನಡ ಅರ್ಥವಾಗುವದಿಲ್ಲ, ಇಂಗ್ಲಿಷೇ ಸಲೀಸು" ಎಂಬ ಬೇಸರವೂ ಉಂಟು, ಅದರಲ್ಲಿ ಸತ್ಯಾಂಶವಿದೆ. ಹಲವು ಕಡೆಗಳಲ್ಲಿ ಆ ಕನ್ನಡವು ಕನ್ನಡಿಗರು ಆಡುವ ಮಾತಲ್ಲ. ಯಾರೋ ಅವಸರದಿಂದ ಶಬ್ದಕ್ಕೆ ಶಬ್ದವನ್ನು ಜೋಡಿಸಿದಂತಿದೆ. ಆದರೆ ಬಳಸುವವರು ಇಲ್ಲದ ಭಾಷೆಯನ್ನು ತಿದ್ದುವವರಾರು? ನೂರು ಜನರು ಬಳಸಿ ಹತ್ತು ಜನರು ತಪ್ಪು ತೋರಿಸಿದರೆ ಕಂಪನಿಯು ತಿದ್ದೀತು. ಯಾರೂ ಬಳಸದಿದ್ದರೆ "ಕನ್ನಡಕ್ಕೆ ಗಿರಾಕಿಯಿಲ್ಲ" ಎಂದು ಅದು ಕೈತೊಳೆದುಕೊಂಡೀತು. ಇದು ಕೇವಲ ಅಭಿಮಾನದ ಮಾತೂ ಅಲ್ಲ. ಬ್ಯಾಂಕಿನ ಸಂದೇಶವು ಇಂಗ್ಲಿಷಿನಲ್ಲಿ ಬಂದರೆ ಸವದತ್ತಿಯ ಮುದುಕಿಯು ಅದನ್ನು ಓದಿಸಲು ಪರರ ಕೈಗೆ ಫೋನು ಕೊಡುವಳು. ಒಟಿಪಿಯ ಅಂಕಿಯೂ, "ಇದನ್ನು ಯಾರಿಗೂ ಹೇಳಬೇಡಿ" ಎಂಬ ಎಚ್ಚರಿಕೆಯೂ ಹಾಗೆಯೇ ಪರರ ಕಣ್ಣಿಗೆ ಬೀಳುವವು. ಮೋಸಗಾರನಿಗೆ ಇದಕ್ಕಿಂತ ದೊಡ್ಡ ಬಾಗಿಲು ಬೇಕೇ? ಮೋಸವಾದ ತತ್‌ಕ್ಷಣ ೧೯೩೦ ಎಂಬ ಅಂಕಿಗೆ ಕರೆ ಮಾಡಬೇಕೆಂಬದೂ ನಮ್ಮ ಹಳ್ಳಿಗಳಲ್ಲಿ ಇನ್ನೂ ಬಹುಜನರಿಗೆ ತಿಳಿಯದು.

ಕೇಳಿದರೆ ಸಿಗುವದೆಂಬದಕ್ಕೆ ನೆರೆಯಲ್ಲಿಯೇ ಒಂದು ನಿದರ್ಶನವಿದೆ. ೨೦೨೧ರಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ತಮಗೆ ಸರಕಾರ ಕೊಟ್ಟಿದ್ದ ಫೋನುಗಳನ್ನು ಕಚೇರಿಗಳಿಗೆ ಮರಳಿಸಿ ಪ್ರತಿಭಟಿಸಿದರು. ಅವರ ದೂರುಗಳೇನು? ಫೋನು ಕಾಯುತ್ತದೆ, ಅದರ ನೆನಪಿನ ಶಕ್ತಿ ಸಾಲದು, ನಡುವೆ ನಿಂತುಬಿಡುತ್ತದೆ, ಮಕ್ಕಳ ಪೋಷಣೆಯ ವಿವರ ತುಂಬುವ ಆ್ಯಪು ಮರಾಠಿಯಲ್ಲಿಲ್ಲ. ನಮ್ಮ ಪೇಟೆಯ ಗಿರಾಕಿಗಳ ದೂರುಗಳೂ ಇವೇ. ಅಂಗಡಿಯ ಮುಂದೆ ಗೊಣಗುವದಕ್ಕೆ ಬದಲು ಆ ತಾಯಂದಿರು ಒಟ್ಟುಗೂಡಿ ಬರಹದಲ್ಲಿ ಕೇಳಿದರು, ನ್ಯಾಯಾಲಯದ ವರೆಗೂ ಹೋದರು. ಇಂದು ಆ ಆ್ಯಪು ಕನ್ನಡವೂ ಸೇರಿದಂತೆ ಇಪ್ಪತ್ತಕ್ಕೂ ಮಿಕ್ಕ ಭಾಷೆಗಳಲ್ಲಿದೆ. ಗಡಿಯ ವಿಷಯದಲ್ಲಿ ನಮ್ಮ ನಿಲುವು ಏನೆಂಬದು ವಾಚಕರಿಗೆ ಗೊತ್ತೇ ಇದೆ; ಆದರೆ ತಾಯ್ನುಡಿಯಲ್ಲಿ ಕೆಲಸ ಮಾಡುವ ಹಟವನ್ನು ಗಡಿಯಾಚೆಯ ತಾಯಂದಿರಿಂದ ಕಲಿಯುವದರಲ್ಲಿ ನಮಗೆ ಯಾವ ಅವಮಾನವೂ ಇಲ್ಲ.

ಮೂರನೆಯ ಪ್ರಶ್ನೆ: ಈ ಫೋನಿನೊಳಗೆ ನನಗಿಂತ ಮೊದಲು ಯಾರು ಬಂದು ಕುಳಿತಿದ್ದಾರೆ? ೨೦೨೫ರ ನವೆಂಬರಿನ ಕೊನೆಗೆ ಕೇಂದ್ರ ಸರಕಾರವು ಸಂಚಾರ ಸಾಥಿ ಎಂಬ ತನ್ನ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ಮೊದಲೇ ಹಾಕಿರಬೇಕೆಂದು ಕಂಪನಿಗಳಿಗೆ ಆಜ್ಞಾಪಿಸಿತು. ಕಳುವಾದ ಫೋನನ್ನು ತಡೆಹಿಡಿಯಲು ಅದು ಉಪಯುಕ್ತವೇ ಸರಿ. ಆದರೂ ಹೇಳದೆ ಕೇಳದೆ ಮನೆಯೊಳಗೆ ಬರುವದೇಕೆಂದು ದೇಶದ ತುಂಬ ಕೂಗೆದ್ದಿತು, ಡಿಸೆಂಬರ್ ೩ರಂದು ಸರಕಾರವು ಕಡ್ಡಾಯವನ್ನು ಹಿಂದೆಗೆದುಕೊಂಡಿತು. ಜನರ ಈ ಎಚ್ಚರವನ್ನು ನಾವು ಮೆಚ್ಚುತ್ತೇವೆ. ಆದರೆ ನಾವೇ ಆರಿಸಿದ ಸರಕಾರದ ಒಂದು ಆ್ಯಪಿಗೆ ಇಷ್ಟು ಸಂಶಯಪಟ್ಟವರು, ಕಂಪನಿಗಳು ಲಾಭಕ್ಕಾಗಿ ತುಂಬಿಟ್ಟ ಹತ್ತಾರು ಆ್ಯಪುಗಳ ಬಗೆಗೆ ಏತಕ್ಕೆ ಮೌನವಾಗಿದ್ದೇವೆ? ೨೦೨೨ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗವು, ಫೋನುಗಳಲ್ಲಿ ತನ್ನ ಆ್ಯಪುಗಳನ್ನೇ ಮೊದಲು ಕೂಡ್ರಿಸುವ ಕ್ರಮವ�ೂ ಸೇರಿದಂತೆ ಹಲವು ಕಾರಣಗಳಿಗಾಗಿ ಗೂಗಲಿಗೆ ೧,೩೩೭ ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ೨೦೨೩ರ ಮಾರ್ಚಿನಲ್ಲಿ ಮೇಲ್ಮನವಿಯ ನ್ಯಾಯಮಂಡಳಿಯು ಆ ದಂಡವನ್ನು ಎತ್ತಿಹಿಡಿಯಿತು.

ಕಿತ್ತೂರಿನ ನೆಲದಲ್ಲಿ ನಿಂತು ನೋಡುವವರಿಗೆ ಇಲ್ಲೊಂದು ನೆನಪು ಬಾರದಿರದು. ೧೮೨೪ರಲ್ಲಿ ಥ್ಯಾಕರೆಯು ಸಂಸ್ಥಾನದ ಭಂಡಾರಕ್ಕೆ ಮುದ್ರೆಯೊತ್ತಿ ತನ್ನ ಕಾವಲನ್ನು ಇಟ್ಟನು. ನಮ್ಮ ಮನೆಯ ಕೀಲಿ ಪರರ ಕೈಯಲ್ಲೇಕೆ ಎಂಬ ಪ್ರಶ್ನೆಗೆ ರಾಣಿ ಚೆನ್ನಮ್ಮನು ಕೊಟ್ಟ ಉತ್ತರವನ್ನು ಲೋಕವೇ ಬಲ್ಲುದು. ಒಂದು ಫೋನಿಗೆ ಈ ಹೋಲಿಕೆಯು ದೊಡ್ಡದಾಯಿತೆಂದು ವಾಚಕರು ನಗಬಹುದು, ನಗಲಿ. ಆದರೆ ನಮ್ಮ ರೊಕ್ಕ, ನಮ್ಮ ಮಾತು, ನಮ್ಮ ಮಕ್ಕಳ ಚಿತ್ರ ಇರುವ ಭಂಡಾರವು ಇಂದು ಅದೇ ಆಗಿದೆಯೆಂಬದನ್ನು ನಕ್ಕ ಮೇಲಾದರೂ ಒಪ್ಪಿಕೊಳ್ಳಲಿ.

ಇನ್ನು ಮಾಡಬೇಕಾದುದೇನು? ನಾಲ್ಕು ತಾಲೂಕುಗಳ ಪ್ರತಿನಿಧಿಗಳು ಬೆಳಗಾವಿಯ ಸುವರ್ಣಸೌಧದಲ್ಲಿ ಅಧಿವೇಶನ ಸೇರಿದಾಗ ಒಂದು ಮಾತನ್ನು ಎತ್ತಲಿ: ಫೋನಿನ ಡಬ್ಬಿಯ ಮೇಲೆ ಅಪ್‌ಡೇಟಿನ ಕೊನೆಯ ವರ್ಷವನ್ನೂ, ಖಾತರಿಯ ನಿಯಮಗಳನ್ನೂ ಕನ್ನಡದಲ್ಲಿ ಅಚ್ಚುಮಾಡಬೇಕು; ಇದಕ್ಕೆ ಕೇಂದ್ರದ ಕಾಯಿದೆ ಬೇಕಾದರೆ ರಾಜ್ಯವು ಕೇಂದ್ರವನ್ನು ಒತ್ತಾಯಿಸಬೇಕು. ಸರಕಾರದ ಯಾವುದೇ ಇಲಾಖೆಯು ಹೊಸ ಆ್ಯಪನ್ನು ಜನರ ಮೇಲೆ ಹೇರುವ ಮೊದಲು, ಅದು ಕನ್ನಡದಲ್ಲಿಯೂ, ಬಡವನ ಹಳೆಯ ಫೋನಿನಲ್ಲಿಯೂ ನಡೆಯುವದೆಂಬದನ್ನು ಹಳ್ಳಿಯಲ್ಲಿ ಪರೀಕ್ಷಿಸಿ ನೋಡಲಿ. ಅಧಿಕಾರಿಗಳಾದ ವಾಚಕರಿಗೆ ನಮ್ಮ ವಿಶೇಷ ವಿನಂತಿ: ಫೋನಿಲ್ಲದವನನ್ನು, ಹಳೆಯ ಗುಂಡಿಯ ಫೋನಿನವನನ್ನು ಕಚೇರಿಯ ಬಾಗಿಲಿನಿಂದ ಮರಳಿ ಕಳಿಸಬೇಡಿರಿ. ಕಾಗದದ ಅರ್ಜಿಯೂ ಅರ್ಜಿಯೇ. ತಾಲೂಕಿಗೊಂದಾದರೂ ಅಧಿಕೃತ ದುರಸ್ತಿಯ ಕೇಂದ್ರವನ್ನು ಕಂಪನಿಗಳು ತೆರೆಯಲಿ. ಇಲ್ಲವೆ ನಮ್ಮ ಹುಡುಗರಿಗೆ ತರಬೇತಿಯನ್ನೂ ಅಸಲಿ ಬಿಡಿಭಾಗಗಳನ್ನೂ ಕೊಡಲಿ. ಅಂಗಡಿಕಾರ ಮಹನೀಯರು ಹೊಸ ಫೋನನ್ನು ತೆರೆಯುವಾಗ "ಯಾವ ಭಾಷೆ ಇಡ್ಲಿ?" ಎಂಬ ಮೂರು ಶಬ್ದಗಳನ್ನು ಹೆಚ್ಚಾಗಿ ಆಡಲಿ, ಅದರಿಂದ ಅವರ ಲಾಭದಲ್ಲಿ ಒಂದು ಕಾಸೂ ಕಡಿಮೆಯಾಗದು.

ವಾಚಕರು ಮಾಡಬೇಕಾದುದಂತೂ ಇನ್ನೂ ಸುಲಭ. ಬ್ಯಾಟರಿ, ಕ್ಯಾಮರಾ, ಬೆಲೆ ಇವುಗಳನ್ನು ಕೇಳಿದ ಬಳಿಕ, ರೊಕ್ಕವನ್ನು ಎಣಿಸುವ ಮೊದಲು, ಎಷ್ಟು ವರ್ಷ ಬಾಳುವದು, ಕನ್ನಡದಲ್ಲಿ ನಡೆಯುವದೇ, ಒಳಗೆ ಏನೇನು ತುಂಬಿದ್ದಾರೆ ಎಂದು ಕೇಳಿರಿ. ಉತ್ತರ ಸಿಗದಿದ್ದರೆ ಮುಂದಿನ ಅಂಗಡಿಗೆ ಹೋಗಿರಿ. ಒಬ್ಬನು ಕೇಳಿದರೆ ಅಂಗಡಿಕಾರನು ನಕ್ಕಾನು. ನಾಲ್ಕು ತಾಲೂಕುಗಳ ಗಿರಾಕಿಗಳೆಲ್ಲ ಕೇಳಿದರೆ ಅವನು ಬೆಳಗಾವಿಯ ವಿತರಕನನ್ನು ಕೇಳುವನು, ವಿತರಕನು ಕಂಪನಿಯನ್ನು ಕೇಳುವನು. ನಮ್ಮ ಕಚೇರಿಯ ಫೋನುಗಳನ್ನೆಲ್ಲ ಆ ಸಂಜೆಯೇ ಕನ್ನಡಕ್ಕೆ ತಿರುಗಿಸಿದೆವು. ಮೊದಲ ಎರಡು ದಿನ ತಡವರಿಸಿದೆವೆಂಬದನ್ನು ಮುಚ್ಚಿಡಲಾರೆವು. ದಾರಿ ತೋರಿಸಿದವನು ಆ ಜವಾನನೇ. ಅಲ್ಲಿ ಕಂಡ ತಪ್ಪು ಕನ್ನಡವನ್ನು ಬರೆದಿಟ್ಟುಕೊಂಡಿದ್ದೇವೆ. ಅದನ್ನು ತಯಾರಕರಿಗೆ ಕಳಿಸುವೆವು. ವಾಚಕರೂ ತಮಗೆ ಕಂಡುದನ್ನು ನಮಗೆ ಬರೆದು ತಿಳಿಸಲಿ. ಎಲ್ಲವನ್ನೂ ಕೂಡಿಸಿ ಕಳಿಸುವ ಹೊಣೆಯನ್ನು ಈ ಪತ್ರಿಕೆಯು ಹೊತ್ತುಕೊಳ್ಳುವದು.